ಲಿಲ್ಲಿ ಗೆಡ್ಡೆ, ಎರಡು ತುತ್ತು

ಮಳೆ ಲಿಲ್ಲಿಯನ್ನು ಮುದ್ದು ಮಾಡಿ ಬೆಳೆಸಿದರೆ ಅದು ಹೂ ಬಿಡುವುದಿಲ್ಲ. ದಿನಾ ನೀರು ಕುಡಿದು ಕೊಬ್ಬಿ, ಹುಲ್ಲಿನ ಹಾಗೆ ಎಲೆ ಹರಡಿಕೊಂಡು ಸುಮ್ಮನೆ ಕೂತಿರುತ್ತದೆ. ಹೂ ಬೇಕೆಂದರೆ ಅದನ್ನು ಸಾವಿನ ಹತ್ತಿರಕ್ಕೆ ಕರೆದುಕೊಂಡು ಹೋಗಬೇಕು. ಫೆಬ್ರವರಿ ಮುಗಿಯುತ್ತಿದ್ದ ಹಾಗೆ ನಾನು ನೀರು ನಿಲ್ಲಿಸಿಬಿಡುತ್ತೇನೆ. ಮಾರ್ಚಿನಲ್ಲಿ ಎಲೆ ಹಳದಿಯಾಗಿ ಮಲಗುತ್ತದೆ, ಏಪ್ರಿಲಿನಲ್ಲಿ ಮಣ್ಣು ಕುಂಡದ ಅಂಚು ಬಿಟ್ಟು ಬಿರಿಯುತ್ತದೆ. ಅಗ್ನಿ ನಕ್ಷತ್ರದ ಬಿಸಿಲಿಗೆ ಚೆನ್ನೈಯಲ್ಲಿ ಮನುಷ್ಯರೇ ಬೆಂದುಹೋಗುವ ಮೇ ತಿಂಗಳಲ್ಲಿ ಡ್ರಮ್ಮಿನ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿಯುತ್ತೇನೆ. ಮಳೆಯೇ ಬಂದು ಸುರಿದರೆ ಇನ್ನೂ ಒಳ್ಳೆಯದು. ನಾಲ್ಕೈದು ದಿನಕ್ಕೆ ಬರಿ ಮಣ್ಣಿನಿಂದ ಗೇಣುದ್ದದ ದಂಟುಗಳು ಎದ್ದು ಬಿಳಿ, ಗುಲಾಬಿ ಹೂಗಳು ಅರಳುತ್ತವೆ. ಕಾಶ್ಮೀರದ ಕೇಸರಿ ಹೂವನ್ನು ಚಿತ್ರದಲ್ಲಿ ನೋಡಿದವರು ಇದೇ ಅದು ಅಂದುಕೊಳ್ಳುವಷ್ಟು ಹೋಲಿಕೆಯಿದೆ. ಎರಡು ದಿನ ಇದ್ದು ಬಾಡಿಹೋಗುತ್ತವೆ.

ಈ ಉಪವಾಸದ ಪದ್ಧತಿಯನ್ನು ನನಗೆ ಕಲಿಸಿದವಳು ಅಮ್ಮ. ಮೆಚ್ಚಿಕೊಂಡವನು ಅಪ್ಪ ಒಬ್ಬನೇ.

"ಗಿಡಗಳ್ನೂ ಉಪಾಸ ಕೆಡವಿದ್ದೀಯೇನಮ್ಮಿ? ಸರಿ ಮಾಡ್ದೆ," ಎಂದಿದ್ದ ಅವನು, ನಮ್ಮ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ, ಒಣಗಿದ ಕುಂಡಗಳನ್ನು ಊರುಗೋಲಿನಿಂದ ತಿವಿಯುತ್ತ. "ನಾನು ನಿನ್ನ ಸಾಕಿದ್ದೂ ಹಿಂಗೇಯ. ನೋಡು, ಆಫೀಸರಮ್ಮ ಆಗಿದ್ದೀಯ."

ನನ್ನ ಕೈಯಲ್ಲಿ ಬಕೆಟ್ ಇತ್ತು. ಅದನ್ನು ಅವನ ತಲೆಗೆ ಹೊಡೆಯಬೇಕೆನ್ನಿಸಿದ್ದು ನಿಜ. ಹೊಡೆಯಲಿಲ್ಲ, ನೆಲಕ್ಕೆ ಕುಕ್ಕಿದೆ, ಹಿಡಿ ಕಿತ್ತುಬಂತು. ನನ್ನ ಸಿಟ್ಟು ಅಮ್ಮನ ಕಡೆಯಿಂದ ಬಂದದ್ದಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ನಮ್ಮ ಮನೆಯ ನೇಕಾರನಿಗೆ ನೂಲು ಅದಲುಬದಲಾಗಿತ್ತು.

ಅಪ್ಪ ಮಂಡ್ಯದ ಕಡೆಯವನು. ಇಪ್ಪತ್ತರ ವಯಸ್ಸಿನಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ಮದ್ರಾಸಿಗೆ ಬಂದವನು ಇಲ್ಲಿಯೇ ರಿಟೈರ್ ಆದ. ತಮಿಳು ನೀರು ಕುಡಿದ ಹಾಗೆ ಮಾತಾಡುತ್ತಾನೆ, ಆದರೆ ಮನೆಯ ಹೊಸಿಲು ದಾಟಿದ ಮೇಲೆ ಯಾರೂ ತಮಿಳು ಆಡಕೂಡದು. ಮನೆಯೊಳಗೆ ಮುದ್ದೆ, ಬಸ್ಸಾರು, ಕನ್ನಡ, ಬೆಲ್ಟು. ಈ ನಾಲ್ಕನ್ನೂ ಅವನು ಊರಿನಿಂದ ತಂದಿದ್ದ. ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತು ಹೊಡೆತ ಉಂಟೋ ಇಲ್ಲವೋ ನನಗೂ ಅಮ್ಮನಿಗೂ ಗೊತ್ತಾಗುತ್ತಿತ್ತು. ಸಾರಿಗೆ ಉಪ್ಪು ಕಮ್ಮಿಯಾದರೆ ಅಮ್ಮನಿಗೆ, ಲೆಕ್ಕದಲ್ಲಿ ನಂಬರು ಕಮ್ಮಿಯಾದರೆ ನನಗೆ. ಹೊಡೆದು ಸುಸ್ತಾದ ಮೇಲೆ ಶಿಕ್ಷೆಯ ಎರಡನೆಯ ಭಾಗ ಶುರುವಾಗುತ್ತಿತ್ತು. ನನ್ನನ್ನು ಸ್ಟೋರ್ ರೂಮಿಗೆ ತಳ್ಳಿ ಚಿಲಕ ಹಾಕುತ್ತಿದ್ದ. ಊಟವಿಲ್ಲ, ನೀರಿಲ್ಲ. ಅಮ್ಮ ಬಾಗಿಲ ಸಂದಿಯಿಂದ ಚಪಾತಿ ಸುರುಳಿ ಸುತ್ತಿ ತೂರಿಸಿದ್ದು ಒಮ್ಮೆ ಅವನಿಗೆ ಕಂಡಿತು. ಅವತ್ತು ಅವಳ ಮುಂಗೈ ಮುರಿಯಿತು. ರೈಲ್ವೆ ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಅಂತ ಬರೆಸಿಕೊಂಡು ಬಂದಳು.

ರೈಲ್ವೆ ಕ್ವಾರ್ಟರ್ಸಿನ ಹಿಂದುಗಡೆ ಅಮ್ಮ ಹಳೇ ಪೇಂಟ್ ಡಬ್ಬಗಳಲ್ಲಿ ಮಳೆ ಲಿಲ್ಲಿ ಇಟ್ಟುಕೊಂಡಿದ್ದಳು. ಅವಳ ಬಾಯಲ್ಲಿ ಅದು ಗುಡುಗು ಹೂ. ಗೆಡ್ಡೆಗಳು ಒತ್ತೊತ್ತಾಗಿ ಬೆಳೆದಾಗ ಕಿತ್ತು, ಬೇರು ಎಲೆ ಕತ್ತರಿಸಿ, ಗಾಳಿಯಾಡುವ ಜಾಗದಲ್ಲಿ ನಾಲ್ಕು ದಿನ ಒಣಗಿಸಿ, ಬೇರೆ ಬೇರೆ ಡಬ್ಬಗಳಿಗೆ ಹಾಕುತ್ತಿದ್ದಳು. ಒಣಗಲು ಇಟ್ಟ ಗೆಡ್ಡೆಯ ಚೀಲಕ್ಕೆ ತಪ್ಪದೆ ಒಂದು ಕೆಂಪು ದಾರ ಕಟ್ಟುತ್ತಿದ್ದಳು. ನೋಡುವುದಕ್ಕೆ ಅದು ಥೇಟ್ ಸಾಂಬಾರ್ ಈರುಳ್ಳಿ. ಅದೇ ಗಾತ್ರ, ಅದೇ ಕಂದು ಸಿಪ್ಪೆ. "ಇದು ಹೊಟ್ಟೆಗೆ ಹೋದ್ರೆ ಕರುಳು ಕಿತ್ತು ಬಾಯಿಗೆ ಬತ್ತದೆ ಕಣವ್ವ, ದಾರ ಇಲ್ದೆ ಎಲ್ಲೂ ಇಡಬ್ಯಾಡ," ಅನ್ನುತ್ತಿದ್ದಳು. ಅವಳು ನನಗೆ ಕಲಿಸಿದ ಪಾಠಗಳಲ್ಲಿ ಇದೊಂದನ್ನು ನಾನು ಮೂವತ್ತೈದು ವರ್ಷ ತಪ್ಪಿಸಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಆ ಡಬ್ಬಗಳನ್ನೆಲ್ಲ ಒದ್ದ. ಕಾರಣ ನೆನಪಿಲ್ಲ, ಕಾರಣ ಇತ್ತೆಂದೂ ನಾನು ನಂಬುವುದಿಲ್ಲ. ಬೂಟು ಕಾಲಿನಲ್ಲಿ ಒಂದೊಂದಾಗಿ ಒದ್ದ. ಮಣ್ಣು ಚೆಲ್ಲಿ ಗೆಡ್ಡೆಗಳು ಅಂಗಳದ ತುಂಬ ಉರುಳಿದವು. ಆಮೇಲೆ ಅವುಗಳನ್ನು ಹಿಮ್ಮಡಿಯಲ್ಲಿ ತುಳಿದು ಅರೆದ. ಅಮ್ಮ ಅಡ್ಡ ಬಂದಾಗ ಅವಳ ಜಡೆ ಹಿಡಿದು ಗೋಡೆಗೆ ಗುದ್ದಿದ. ಅವನು ಒಳಗೆ ಹೋದ ಮೇಲೆ ಅವಳು ಹಣೆಯ ರಕ್ತವನ್ನೂ ಒರೆಸಿಕೊಳ್ಳದೆ ಮೊಣಕಾಲೂರಿ, ಉಳಿದ ಗೆಡ್ಡೆಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಸೆರಗನ್ನು ಗಂಟು ಕಟ್ಟಿ, ಆ ಗಂಟನ್ನು ಹಿಡಿದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತು ಒಳಗೆ ಉಣ್ಣುತ್ತಿದ್ದ ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಏನು ಯೋಚಿಸುತ್ತಿದ್ದಳೆಂದು ಆಗ ನನಗೆ ತಿಳಿಯಲಿಲ್ಲ.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಆ ಸೆರಗಿನಲ್ಲಿ ಉಳಿದ ಗೆಡ್ಡೆಗಳ ಮರಿಮೊಮ್ಮಕ್ಕಳು ಈಗ ಕೀಲ್ಪಾಕಿನ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ, ಕಾಂಪೌಂಡಿಗೂ ಗೋಡೆಗೂ ನಡುವಿನ ಐದಡಿ ಓಣಿಯಲ್ಲಿ, ಮೂವತ್ತು ಕುಂಡಗಳಲ್ಲಿ ಬದುಕಿವೆ. ನಾನು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಗಂಡನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಶಿಫ್ಟು ಡ್ಯೂಟಿ, ಮನೆಯಲ್ಲಿರುವುದಕ್ಕಿಂತ ಬಸ್ಸಿನಲ್ಲಿರುವುದೇ ಹೆಚ್ಚು. ಮಗಳಿಗೆ ಹದಿಮೂರು. ನಾಲ್ಕು ವರ್ಷದ ಕೆಳಗೆ ಅಪ್ಪ ಬಿದ್ದು ಸೊಂಟ ಮುರಿದುಕೊಂಡಾಗ ಇಲ್ಲಿಗೆ ಕರೆತಂದೆ. ಯಾಕೆ ಕರೆತಂದೆ ಎಂದು ಕೇಳಿದವರಿಗೆಲ್ಲ ಒಬ್ಬಳೇ ಮಗಳಲ್ಲವಾ ಎನ್ನುತ್ತೇನೆ. ಇನ್ನೊಂದು ಕಾರಣವೂ ಇತ್ತು. ಅವನು ಒಂದು ಸಲ, ಒಂದೇ ಒಂದು ಸಲ, ನಿಮ್ಮವ್ವನಿಗೆ ನಾನು ಮಾಡಿದ್ದು ತಪ್ಪು ಎನ್ನುವುದನ್ನು ನನ್ನ ಕಿವಿಯಿಂದ ಕೇಳಬೇಕಿತ್ತು. ಆ ಮಾತು ಹೊರಗೆ ಬರುವ ಮೊದಲು ಅವನು ಸತ್ತುಹೋದರೆ ಎಂಬ ಭಯ ನನಗೆ.

ಮಾತು ಬರಲಿಲ್ಲ. ಕೋಲು ಬಂತು.

ಕಳೆದ ವರ್ಷ ಮೇ ತಿಂಗಳ ಒಂದು ಶನಿವಾರ. ಶಾಲೆಗೆ ರಜೆ, ನನಗೂ ರಜೆ. ಮಗಳು ಹಾಲಿನಲ್ಲಿ ಫೋನ್ ನೋಡುತ್ತ ಬಿದ್ದುಕೊಂಡಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ತಮಿಳೇ ಬರುವುದು.

"ಒಂದ್ ಚೊಂಬು ನೀರ್ ತಕ್ಕೊಂಬಾ ಮಗ," ಎಂದ ಅಪ್ಪ.

"ಇರು ತಾತಾ, ವರೇನ್," ಎಂದಳು ಅವಳು, ಬರುತ್ತೇನೆ ಅಂತ.

"ಕನ್ನಡದಲ್ಲಿ ಬೊಗಳು."

"ಪೋ ತಾತಾ," ಎಂದು ನಕ್ಕಳು. ಆ ನಗುವಿನಲ್ಲಿ ಸಲಿಗೆಯಿತ್ತು, ಬೇರೇನೂ ಇರಲಿಲ್ಲ. ಅವನು ಊರುಗೋಲು ಎತ್ತಿ ಅವಳ ಮೀನಖಂಡಕ್ಕೆ ಬಾರಿಸಿದ. ಆ ಸದ್ದು ಅಡುಗೆಮನೆಯವರೆಗೆ ಬಂತು. ಮೂವತ್ತೈದು ವರ್ಷದ ಹಿಂದಿನ ಸದ್ದು ಅದು, ನನಗೆ ಗುರುತು ಸಿಗದೆ ಇರುತ್ತದೆಯೇ? ನಾನು ಓಡಿಬಂದಾಗ ಅವನು ಎರಡನೆಯ ಸಲ ಕೋಲೆತ್ತಿದ್ದ. ಕಿತ್ತುಕೊಂಡೆ. ಕಿತ್ತುಕೊಂಡವಳು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅದೇ ಕೋಲಿನಿಂದ ಅವನ ತೋಳಿಗೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಎಂಬತ್ತರ ಹತ್ತಿರದ ಮುದುಕನ ತೋಳು. ಚರ್ಮ ಒಡೆದು ರಕ್ತ ಬಂತು.

ಹೊಡೆದು ಸುಖವಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಸುಖವಾಯಿತು. ಆ ಸುಖ ಸಾಲದೆ ಬಾಯಿಯನ್ನೂ ಬಿಟ್ಟೆ.

"ಇನ್ನೊಂದ್ ಸಲ ನನ್ ಮಗಳ ಮೇಲೆ ಕೈ ಎತ್ತಿ ನೋಡು. ಮುದ್ದೆಗೆ ವಿಷ ಹಾಕಿ ಕೊಂದ್ಬಿಡ್ತೀನಿ. ಅಮ್ಮ ಮಾಡಬೇಕಾಗಿದ್ದ ಕೆಲ್ಸ ನಾನ್ ಮಾಡ್ತೀನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಕಾಲು ಹಿಡಿದುಕೊಂಡು ಅಳುತ್ತಿದ್ದವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ತಾತನ ಕಡೆ ಅವಳು ಎಂದೂ ಹಾಗೆ ನೋಡಿರಲಿಲ್ಲ.

ನಾನು ಓಣಿಗೆ ಹೋದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಒಣಗಿದ ಆರು ಕುಂಡಗಳನ್ನು ಬೋರಲು ಹಾಕಿ ನೆಲಕ್ಕೆ ಚಚ್ಚಿದೆ. ಕಲ್ಲಿನಂತಾಗಿದ್ದ ಮಣ್ಣನ್ನು ಕುಡುಗೋಲಿನ ಹಿಡಿಯಲ್ಲಿ ಜಜ್ಜಿ ಗೆಡ್ಡೆಗಳನ್ನು ಹೊರಗೆಳೆದೆ. ಬೇರುಗಳನ್ನು ಕತ್ತರಿಯಲ್ಲಿ ಕಚಕಚ ಕತ್ತರಿಸಿದೆ. ಕೆಲವು ಗೆಡ್ಡೆಗಳೂ ತುಂಡಾದವು. ಆ ಹೊತ್ತಿಗೆ ಯಾರಾದರೂ ನೋಡಿದ್ದರೆ ಇವಳು ಗಿಡ ಬೆಳೆಸುವವಳೋ ಕಸಾಯಿಯೋ ಎಂದು ಕೇಳುತ್ತಿದ್ದರು. ಎಲ್ಲ ಸೇರಿ ಒಂದು ಸೇರಿನಷ್ಟು ಗೆಡ್ಡೆಯಾಯಿತು. ತರಕಾರಿ ಅಂಗಡಿಯ ಈರುಳ್ಳಿ ಬಲೆಚೀಲ ಕೈಗೆ ಸಿಕ್ಕಿತು. ಅದರಲ್ಲಿ ತುಂಬಿ, ಹಿಂಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಕೆಂಪು ದಾರ ಒಳಗೆ ಡ್ರಾಯರಿನಲ್ಲಿತ್ತು. ಒಳಗೆ ಹೋದರೆ ಅವನ ಮುಖ ನೋಡಬೇಕು. ಆಮೇಲೆ ಕಟ್ಟಿದರಾಯಿತು ಅಂದುಕೊಂಡೆ.

ಅಪ್ಪ ಅವತ್ತು ನಾನು ಮಾಡಿದ ಅನ್ನ ಮುಟ್ಟಲಿಲ್ಲ. ತಟ್ಟೆ ಇಟ್ಟರೆ ಊರುಗೋಲಿನಿಂದ ದೂರ ತಳ್ಳಿದ.

"ವಿಷ ಹಾಕ್ತೀನಿ ಅಂದ್ಯಲ್ಲ. ಇನ್ಮೇಲೆ ನಿನ್ ಕೈಯಿಂದ ನೀರೂ ಮುಟ್ಟಾಕಿಲ್ಲ," ಎಂದ. "ನನ್ ಸಾರು ನಾನೇ ಕಾಯಿಸ್ಕತೀನಿ. ನಂಗೇನ್ ಕೈ ಇಲ್ವಾ?"

"ಕಾಯಿಸ್ಕೋ. ಯಾರ್ ಬೇಡ ಅಂದ್ರು?" ಎಂದೆ. ಅವನ ತೋಳಿಗೆ ನನ್ನ ಮಗಳು ಬ್ಯಾಂಡೇಜು ಸುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ಇಡೀ ದಿನ ಅವನು ಎರಡು ಬಾಳೆಹಣ್ಣು ತಿಂದು ಹಠ ಹಿಡಿದು ಕೂತ.

ಭಾನುವಾರ ಬೆಳಗಾಗುವ ಮೊದಲೇ ಎದ್ದು ನಾನು ಕಾಸಿಮೇಡಿನ ಮೀನು ಬಂದರಿಗೆ ಹೋದೆ. ಮೀನಿನ ಸಾರು ಅಂದರೆ ಅಪ್ಪ ಪ್ರಾಣ ಬಿಡುತ್ತಾನೆ. ಸಿಟ್ಟು ಇಳಿದಿತ್ತು, ನಾಚಿಕೆ ಏರಿತ್ತು. ತಪ್ಪಾಯಿತು ಎಂದು ಬಾಯಲ್ಲಿ ಹೇಳುವ ವಂಶ ನಮ್ಮದಲ್ಲ, ಅದಕ್ಕೆ ಮೀನು. ಹರಾಜಿನ ಕೂಗಾಟದ ನಡುವೆ ಶಂಕರಾ ಮೀನು ಕೊಂಡೆ. ಕೊಯ್ದುಕೊಡುವ ಹೆಂಗಸು ಈಳಿಗೆಯ ಮೇಲೆ ಒಂದೊಂದರ ತಲೆ ಹಾರಿಸಿ, ಹೊಟ್ಟೆಗೆ ಬೆರಳು ಹಾಕಿ ಕರುಳು ಎಳೆದು ಬಿಸಾಡುತ್ತಿದ್ದುದನ್ನು ನೋಡುತ್ತ ನಿಂತೆ. ಅವಳ ಕೈಗೆ ಸಿಟ್ಟಿರಲಿಲ್ಲ, ಕೆಲಸವಿತ್ತು.

ಮನೆಗೆ ಬಂದಾಗ ಎಂಟೂವರೆ. ಗಂಡ ಬೆಳಗಿನ ಶಿಫ್ಟಿಗೆ ಹೋಗಿಯಾಗಿತ್ತು, ಮಗಳು ಇನ್ನೂ ಮಲಗಿದ್ದಳು. ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಬಸ್ಸಾರಿನ ವಾಸನೆ ಮೂಗಿಗೆ ಬಡಿಯಿತು. ಅಪ್ಪ ಸೊಪ್ಪು ಬೇಯಿಸಿ, ನೀರು ಬಸಿದು, ಮುದ್ದೆ ಕಟ್ಟಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದ. ನನ್ನ ಕಡೆಗೆ ಅರ್ಧ ಬೆನ್ನು. ನೋಡಿ ನಗುವೇ ಬಂತು ನನಗೆ. ಕಣ್ಣಿಗೆ ಪೊರೆ ಬಂದ ಮುದುಕ, ಒಂದು ಕೈಯಲ್ಲಿ ಗೋಡೆ ಹಿಡಿದು ಒಂದು ಕೈಯಲ್ಲಿ ಮುದ್ದೆ ತೊಳಸಿದ್ದಾನೆ, ಮಗಳ ಮೇಲಿನ ಹಠಕ್ಕೆ.

ಆಮೇಲೆ ಒಲೆ ಕಂಡಿತು. ನಮ್ಮ ಕಡೆ ಬಸ್ಸಾರಿಗೆ ಈರುಳ್ಳಿಯನ್ನು ಹೆಚ್ಚಿ ಹುರಿಯುವುದಿಲ್ಲ. ಸಾಂಬಾರ್ ಈರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ಸಿಪ್ಪೆ ಸಮೇತ ಇಡಿ ಇಡಿಯಾಗಿ ಕೆಂಡದ ಮೇಲೆ ಸುಡುತ್ತೇವೆ. ಸಿಪ್ಪೆ ಕರಿಕಾದ ಮೇಲೆ ಉಜ್ಜಿ ತೆಗೆದು, ಕಾಯಿ, ಖಾರದ ಜೊತೆ ರುಬ್ಬಿ, ಬಸಿದ ನೀರಿಗೆ ಹಾಕುತ್ತೇವೆ. ಕೆಂಡ ಹೋಗಿ ಗ್ಯಾಸ್ ಬಂದರೂ ಅಪ್ಪ ಜಾಲರಿ ಇಟ್ಟು ಸುಡುವುದನ್ನು ಬಿಟ್ಟಿಲ್ಲ. ಈರುಳ್ಳಿ ಹೆಚ್ಚಿದ್ದರೆ ಘಾಟು ಇಲ್ಲವೆಂದು ಅವನ ಮೂಗಿಗೋ, ಎಸಳು ಬೇರೆ ಎಂದು ಕೈಗೋ ಗೊತ್ತಾಗುತ್ತಿತ್ತು. ಸುಟ್ಟ ಮೇಲೆ ಎಲ್ಲವೂ ಒಂದೇ ಕಪ್ಪು. ಜಾಲರಿಯ ಮೇಲೆ ಇನ್ನೂ ಎರಡು ಗೆಡ್ಡೆ ಉಳಿದಿದ್ದವು. ನಾನು ಕತ್ತರಿಸಿದ ಬೇರಿನ ಮೋಟುಗಳು ಅವುಗಳ ಬುಡದಲ್ಲಿ ಕಾಣುತ್ತಿದ್ದವು. ತಿರುಗಿ ನೋಡಿದೆ. ಮೊಳೆಯ ಮೇಲಿನ ಬಲೆಚೀಲ ಅರ್ಧ ಖಾಲಿ.

ಇಲ್ಲಿಂದ ಮುಂದೆ ಬರೆಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ನನಗೆ ಗೊತ್ತಾಯಿತು. ಪೂರ್ತಿ ಗೊತ್ತಾಯಿತು. ಗೊತ್ತಾಗಿಯೂ ನಾನು ಬಾಗಿಲಲ್ಲಿ ನಿಂತೆ. ಅವನು ಮುದ್ದೆ ಮುರಿದ, ಸಾರಿನಲ್ಲಿ ಹೊರಳಿಸಿದ, ಬಾಯಿಗಿಟ್ಟ, ನುಂಗಿದ. ಅವನ ಗಂಟಲಿನ ಗುಬುಟು ಮೇಲೆ ಹೋಗಿ ಕೆಳಗೆ ಬಂತು. ಒಂದು ತುತ್ತು. ನನ್ನ ಕೈಯಲ್ಲಿ ಮೀನಿನ ಚೀಲ ತೊಟ್ಟಿಕ್ಕುತ್ತಿತ್ತು. ಅಮ್ಮ ಸೆರಗಿನ ಗಂಟು ಹಿಡಿದು ಹೀಗೆಯೇ ನಿಂತಿದ್ದಳಲ್ಲ, ಅವಳು ಏನು ಯೋಚಿಸಿದ್ದಳೆಂದು ಈಗ ತಿಳಿಯಿತು. ಅವನು ಮತ್ತೆ ಮುರಿದ, ಹೊರಳಿಸಿದ, ನುಂಗಿದ. ಎರಡು ತುತ್ತು. ಉಣ್ಣಲಿ, ಎಂದಿತು ನನ್ನೊಳಗೆ ಏನೋ. ತಾನೇ ಮಾಡಿಕೊಂಡಿದ್ದಾನೆ, ಉಣ್ಣಲಿ.

ಮೂರನೆಯ ತುತ್ತು ಬಾಯಿಯ ಹತ್ತಿರ ಹೋದಾಗ ಎರಡು ಹೆಜ್ಜೆ ನುಗ್ಗಿ ಅವನ ತಟ್ಟೆಗೆ ಹೊಡೆದೆ. ತಟ್ಟೆ ಗೋಡೆಗೆ ಬಡಿದು ಸಾರೆಲ್ಲ ಅವನ ಮೈಮೇಲೆ ಚೆಲ್ಲಿತು. ಸ್ಟೂಲ್ ಸಮೇತ ಅವನು ಹಿಂದಕ್ಕೆ ವಾಲಿ, ಗೋಡೆಗೆ ಒರಗಿ ನೆಲಕ್ಕೆ ಜಾರಿದ. ಕೈಯಲ್ಲಿದ್ದ ತುತ್ತನ್ನು ಕಿತ್ತುಕೊಳ್ಳಲು ಹೋದೆ. ಅವನು ಬಿಡಲಿಲ್ಲ. ನನ್ನ ಕೆನ್ನೆಗೆ ಬಾರಿಸಿದ. ಆ ವಯಸ್ಸಿನಲ್ಲೂ ಏಟು ಬಿರುಸಾಗಿತ್ತು, ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು.

"ಉಣ್ಣೋ ಅನ್ನಕ್ಕೂ ಬಂದ್ಯೇನೇ, ಮುಂಡೇದೆ!"

"ಅದು ಈರುಳ್ಳಿ ಅಲ್ಲಪ್ಪ! ಉಗುಳು! ಅಮ್ಮನ ಗೆಡ್ಡೆ ಅದು, ವಿಷ, ಉಗುಳು!"

ಅವನ ಗಂಟಲಿಗೆ ಬೆರಳು ಹಾಕಿದೆ. ಕಚ್ಚಿದ. ಈ ಗದ್ದಲಕ್ಕೆ ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಂಡದ್ದು ಇಷ್ಟು: ನೆಲದ ಮೇಲೆ ತಾತ, ಅವನ ಎದೆಯ ಮೇಲೆ ಬಗ್ಗಿ ಬಾಯೊಳಗೆ ಕೈ ತುರುಕುತ್ತಿರುವ ಅಮ್ಮ, ಅಮ್ಮನ ಗಲ್ಲದ ಮೇಲೆ ರಕ್ತ.

ಹತ್ತು ನಿಮಿಷದೊಳಗೆ ವಾಂತಿ ಶುರುವಾಯಿತು. ಅಮ್ಮ ಹೇಳುತ್ತಿದ್ದ ಹಾಗೆಯೇ, ಕರುಳು ಕಿತ್ತುಬರುವ ವಾಂತಿ. ಆಟೋದಲ್ಲಿ ಅವನು ನನ್ನ ಮಡಿಲಿಗೇ ಕಾರಿಕೊಂಡ. ಬಾಯಿಯಿಂದ ಜೊಲ್ಲು ನಿಲ್ಲದೆ ಸುರಿಯುತ್ತಿತ್ತು, ಕೈಕಾಲು ತಣ್ಣಗಾಗುತ್ತಿತ್ತು. ಮನೆಯಿಂದ ಆಸ್ಪತ್ರೆ ಹತ್ತು ನಿಮಿಷದ ದಾರಿ. ಅಷ್ಟೂ ದೂರ ನಾನು ದೇವರಿಗೆ ಹರಕೆ ಹೊರಲಿಲ್ಲ, ಅವನನ್ನೇ ಬೈದೆ. ಸಾಯಬೇಡ, ಹೇಳುವುದನ್ನು ಹೇಳದೆ ಸಾಯಬೇಡ, ನಿನ್ನನ್ನು ಬಿಡುವುದಿಲ್ಲ ಎಂದು ಬೈದೆ. ಮಗಳು ಮೂಲೆಗೆ ಒತ್ತಿಕೊಂಡು ಕೂತಿದ್ದಳು.

ಕ್ಯಾಶುಯಾಲ್ಟಿಯಲ್ಲಿ ಡಾಕ್ಟರಮ್ಮ ಏನು ತಿಂದರು ಎಂದು ಕೇಳಿದರು. ನಾನು ಜಾಲರಿಯಿಂದ ತಂದಿದ್ದ ಗೆಡ್ಡೆಯನ್ನು ಕರವಸ್ತ್ರದಿಂದ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ನನ್ನ ಮಗಳು ಬಾಯಿಬಿಟ್ಟಳು. "ಅಮ್ಮಾ ನೇತ್ತು ಸೊನ್ನಾಂಗ, ವಿಷಂ ಪೋಡುವೇನ್‌ನು." ಅಮ್ಮ ನಿನ್ನೆಯೇ ಹೇಳಿದ್ದಳು, ವಿಷ ಹಾಕುತ್ತೇನೆ ಅಂತ. ಹೇಳಿ ಜೋರಾಗಿ ಅಳತೊಡಗಿದಳು. ಡಾಕ್ಟರಮ್ಮ ನನ್ನ ಒಡೆದ ತುಟಿಯನ್ನೂ ಅಪ್ಪನ ತೋಳಿನ ಬ್ಯಾಂಡೇಜನ್ನೂ ನೋಡಿದರು. ಹೊರಗಿದ್ದ ಪೊಲೀಸ್ ಚೌಕಿಗೆ ಒಬ್ಬರನ್ನು ಕಳಿಸಿದರು. ಅವರು ಮಾಡಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಬಿಪಿ ಹದಕ್ಕೆ ಬಂತು. ಎರಡು ಕೈಗೂ ಸಲೈನ್ ಚುಚ್ಚಿದ್ದರು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ನೋಟ್‌ಬುಕ್ ಹಿಡಿದು ಮಂಚದ ಪಕ್ಕ ಬಂದರು. ನನ್ನನ್ನು ಗೋಡೆಯ ಕಡೆ ನಿಲ್ಲಲು ಹೇಳಿದರು. ಎಣ್ಣೂರಿನಿಂದ ಓಡಿಬಂದಿದ್ದ ನನ್ನ ಗಂಡ ಬಾಗಿಲ ಆಚೆ ಮಗಳ ಕೈ ಹಿಡಿದು ನಿಂತಿದ್ದ. ಯಾರು ಸಮೈಚ್ಚಾಂಗ ಅಯ್ಯಾ, ಅಡುಗೆ ಮಾಡಿದ್ದು ಯಾರು, ಎಂದು ಕೇಳಿದರು ಆಕೆ.

ಅಪ್ಪ ನನ್ನ ಕಡೆ ನೋಡಿದ. ಎಷ್ಟು ಹೊತ್ತು ನೋಡಿದ! ಅವನ ಒಂದು ಮಾತಿನಿಂದ ನಾನು ಜೈಲಿಗೆ ಹೋಗಬಹುದಿತ್ತು. ಜೈಲಿರಲಿ, ನನ್ನ ಮಗಳ ಕಣ್ಣಲ್ಲಿ ನಾನು ಜೀವನಪೂರ್ತಿ ಕೊಲೆಗಾತಿಯಾಗಿ ಉಳಿಯುತ್ತಿದ್ದೆ.

"ನಾನ್ ದಾಮ್ಮಾ ಸಮೈಚ್ಚೇನ್," ಎಂದ. ನಾನೇ ಕಣಮ್ಮ ಮಾಡಿದ್ದು. ಆಮೇಲೆ ನಿಧಾನವಾಗಿ, ಒಳ್ಳೆಯ ತಮಿಳಿನಲ್ಲಿ, ತನ್ನ ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದೂ, ಈರುಳ್ಳಿ ಎಂದುಕೊಂಡು ಹೂವಿನ ಗೆಡ್ಡೆ ಸುಟ್ಟು ಹಾಕಿಕೊಂಡೆನೆಂದೂ, ಮಗಳು ತಟ್ಟೆ ಕಿತ್ತುಕೊಳ್ಳದಿದ್ದರೆ ತಾನು ಉಳಿಯುತ್ತಿರಲಿಲ್ಲವೆಂದೂ ಹೇಳಿದ. ತೋಳಿನ ಗಾಯಕ್ಕೆ ಬಚ್ಚಲಲ್ಲಿ ಜಾರಿಬಿದ್ದೆ ಎಂದ.

ಬಚ್ಚಲಲ್ಲಿ ಜಾರಿಬಿದ್ದೆ. ಈ ಮಾತನ್ನು ಅವನು ಎಲ್ಲಿಂದ ಕಲಿತ ಎಂದು ನನಗೆ ಗೊತ್ತು.

ಕಾನ್‌ಸ್ಟೇಬಲ್ ಬರೆದುಕೊಂಡು, ಅವನ ಹೆಬ್ಬೆಟ್ಟು ಬೇಡ, ಸಹಿ ಸಾಕೆಂದು ಹಾಕಿಸಿಕೊಂಡು ಹೋದರು. ನಾನು ಮಂಚದ ಹತ್ತಿರ ಬಂದೆ. ಅವನು ಕಣ್ಣು ಮುಚ್ಚಿಕೊಂಡೇ ಕನ್ನಡದಲ್ಲಿ ಮಾತಾಡಿದ.

"ಬಾಗ್ಲಲ್ಲಿ ನಿಂತಿದ್ದೆ ನೀನು."

ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಎರಡು ತುತ್ತು ನುಂಗೋಗಂಟ ನಿಂತಿದ್ದೆ. ಕಣ್ಣು ಮಂಜಾದ್ರೂ ಮನುಷ್ಯ ನಿಂತಿರೋದು ಗೊತ್ತಾಯ್ತದೆ ಅಮ್ಮಿ. ಮೀನಿನ ವಾಸ್ನೆ ಬಂತು. ಇವ್ಳ್ಯಾಕೆ ಒಳಗ್ ಬರಾಕಿಲ್ಲ ಅಂದ್ಕಂಡೆ."

"ಅಪ್ಪ," ಎಂದೆ.

"ನಿಮ್ಮವ್ವ ಆಗಿದ್ರೆ ಮುದ್ದೆ ಪೂರ್ತಿ ಮುಗಿಯೋಗಂಟ ನಿಂತಿರೋಳು," ಎಂದ. "ನಿಂತಿದ್ರೂ ತಪ್ಪೇನಿರ್ಲಿಲ್ಲ ಬುಡು."

ಅವನು ನಮ್ಮ ಮನೆಗೆ ಬಂದಾಗಿನಿಂದ, ಅಲ್ಲ, ನಾನು ಹುಟ್ಟಿದಾಗಿನಿಂದ ನಾನು ಕಾಯುತ್ತಿದ್ದ ಮಾತು ಇದೇ ಇರಬೇಕು. ಅವನಿಗೆ ಇದಕ್ಕಿಂತ ಹೆಚ್ಚಿಗೆ ಬರುವುದಿಲ್ಲ. ಆದರೆ ಅದು ಬಂದದ್ದು ಯಾವಾಗ ನೋಡಿ. ನಾನು ಅದನ್ನು ಕೇಳುವ ಯೋಗ್ಯತೆ ಕಳೆದುಕೊಂಡ ಮೇಲೆ. ನನಗೆ ಸಮಾಧಾನವಾಗಲಿಲ್ಲ. ಅಮ್ಮನ ಮುಂದೆ ಹೇಳದ ಈ ಮಾತನ್ನು ಇಲ್ಲಿ ಸಲೈನ್ ಕೊಳವೆಗಳ ನಡುವೆ ಉದುರಿಸಿದ್ದಕ್ಕೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಹಾಗೆನ್ನಿಸುತ್ತಿರುವಾಗಲೇ ಅವನ ಗಲ್ಲದ ಜೊಲ್ಲು ಒರೆಸಿದೆ.

ಅವನು ಏಳನೆಯ ದಿನ ಮನೆಗೆ ಬಂದ. ನಡುವೆ ಒಂದು ಗುಡುಗು ಮಳೆ ಹೊಡೆದುಹೋಗಿತ್ತು. ನಾನು ಕೀಳದೆ ಬಿಟ್ಟಿದ್ದ ಇಪ್ಪತ್ತನಾಲ್ಕು ಕುಂಡಗಳಲ್ಲೂ ಹೂವು, ಕಾಲಿಡಲು ಜಾಗವಿಲ್ಲದ ಹಾಗೆ. ಅಪ್ಪ ಗೋಡೆ ಹಿಡಿದುಕೊಂಡು ಒಂದು ಗಳಿಗೆ ನಿಂತ.

"ಇದೇನಾ ಅದು?"

"ಇದೇ."

"ನೋಡಾಕ್ ಮಾತ್ರ ಏನ್ ಸಾಧು," ಎಂದು ಒಳಗೆ ಹೋದ. ಕೋಲನ್ನು ಬಾಗಿಲ ಹಿಂದೆ ಇಟ್ಟವನು ಅದನ್ನು ಮತ್ತೆ ನಡೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎತ್ತಲಿಲ್ಲ. ನಾನೂ ಕೈ ಎತ್ತಿಲ್ಲ. ಬಾಯಿಯ ವಿಷಯ ಬೇರೆ. ಅದು ಇಬ್ಬರದೂ ಹಾಗೇ ಇದೆ.

ಅವತ್ತು ಮಧ್ಯಾಹ್ನ ಅವನಿಗೆ ಮೆತ್ತಗೆ ಅನ್ನ ಬೇಯಿಸಿ, ತಿಳಿಸಾರು ಹಾಕಿ ಕಲೆಸಿ ಇಟ್ಟೆ. ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ತಳ್ಳಲಿಲ್ಲ, ಉಣ್ಣಲೂ ಇಲ್ಲ. ನಾನು ಎದುರಿಗೆ ಕೂತು ಅವನ ತಟ್ಟೆಗೆ ಕೈಹಾಕಿ ಒಂದು ತುತ್ತು ತಿಂದೆ. ನುಂಗಿದ್ದನ್ನು ಅವನು ನೋಡಿದ. ಎರಡನೆಯ ತುತ್ತು ತಿಂದೆ. ಆಮೇಲೆ ತಟ್ಟೆಯನ್ನು ಅವನ ಕಡೆಗೆ ಸರಿಸಿದೆ. ಅವನು ಉಂಡ. ರಾತ್ರಿಯ ಊಟಕ್ಕೂ ಹಾಗೇ ಆಯಿತು, ಮರುದಿನವೂ ಆಯಿತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಎರಡು ತುತ್ತು ಯಾಕೆ, ಮೂರು ಯಾಕಲ್ಲ ಎಂಬುದು ನಮ್ಮಿಬ್ಬರಿಗೆ ಬಿಟ್ಟು ಇನ್ನಾರಿಗೂ ತಿಳಿಯದು. ನನ್ನ ಗಂಡ ಇದನ್ನು ನೋಡಿ, ಅಪ್ಪ ಮಗಳಿಗೆ ಈಗ ಪ್ರೀತಿ ಉಕ್ಕಿ ಹರಿಯುತ್ತಿದೆ ಎಂದು ತಮಾಷೆ ಮಾಡಿದ. ಮಗಳು ನಗಲಿಲ್ಲ.

ಮಗಳಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ, ಬಾಗಿಲಲ್ಲಿ ನಿಂತದ್ದೊಂದನ್ನು ಬಿಟ್ಟು. ತಾತ ಪೊಲೀಸರಿಗೆ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಾಳೆ. ಸರಿಮ್ಮಾ, ಸರಿಮ್ಮಾ ಎಂದು ತಲೆಯಾಡಿಸುತ್ತಾಳೆ. ನಂಬಿದ್ದಾಳೆ ಎಂದೇ ಅಂದುಕೊಂಡಿದ್ದೆ. ಈಗ ಬಲೆಚೀಲಕ್ಕೆ ಕೆಂಪು ದಾರ ಕಟ್ಟುವುದೂ ಅವಳೇ, ಒಂದರ ಬದಲು ಮೂರು ಗಂಟು ಹಾಕುತ್ತಾಳೆ.

ಹೋದ ತಿಂಗಳು, ಮಗಳಿಗೆ ಬೇಸಿಗೆ ರಜೆ ಶುರುವಾದ ಮೇಲೆ, ಒಂದು ದಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ನಾನಿಲ್ಲದ ಮಧ್ಯಾಹ್ನಗಳಲ್ಲಿ ಅಪ್ಪ ಏನು ಮಾಡುತ್ತಾನೆಂದು ನಾನು ಯೋಚಿಸಿಯೇ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು. ಚಪ್ಪಲಿ ಬಿಡುವ ಮೊದಲೇ ಒಳಗಿನದು ಕಂಡು ಅಲ್ಲೇ ನಿಂತೆ. ಬೆಳಿಗ್ಗೆ ನಾನು ಮಾಡಿಟ್ಟುಹೋದ ಮುದ್ದೆ, ಬಸ್ಸಾರು ತಟ್ಟೆಯಲ್ಲಿತ್ತು. ಒಂದು ಕಡೆ ಅಪ್ಪ, ಎದುರಿಗೆ ನನ್ನ ಮಗಳು. ಮುದ್ದೆ ಅಂದರೆ ಮೂಗು ಮುರಿಯುವವಳು ಒಂದು ತುಂಡು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನುಂಗಿದಳು. ಸ್ವಲ್ಪ ಕಾದಳು. ಎರಡನೆಯದನ್ನೂ ನುಂಗಿದಳು, ಮತ್ತೆ ಕಾದಳು. ಆಮೇಲೆ ತಟ್ಟೆಯನ್ನು ತಾತನ ಕಡೆಗೆ ತಳ್ಳಿದಳು.

"ಏನೂ ಇಲ್ಲ ತಾತ," ಎಂದಳು, ತಪ್ಪಿಲ್ಲದ ಕನ್ನಡದಲ್ಲಿ. "ನೀನು ಉಣ್ಣು."